ಕೆರಿ-ಬಗೀಚಾದ 25 ವರ್ಷದ ಪ್ಲ್ಯಾನ್ ಬರಿಯೋದು ಹೆಂಗ: ಸೊಲ್ಲಾಪುರದ ಸಿದ್ಧೇಶ್ವರ ಕೆರಿ ಇಟ್ಕೊಂಡು ನೋಟ್ಸ್

ಟೆಸ್ಟ್‌ನಾಗ "ಊರಿನ ಬಗೀಚಾ ಮತ್ತ ಕೆರಿಗೆ ಮುಂದಿನ 25 ವರ್ಷದ ಪ್ಲ್ಯಾನ್ ಬರೀರಿ" ಅಂತ ಪ್ರಶ್ನೆ ಬಂದಿತ್ತು, ನಾನು ಹುರುಪಿಲೆ ಎರಡು ಪೇಜ್ ತುಂಬಿಸ್ದೆ, ವಾಕಿಂಗ್ ಟ್ರ್ಯಾಕ್, ಬೆಂಚ್, ಓಪನ್ ಜಿಮ್, ಬೋಟಿಂಗ್, ರಾತ್ರಿ ಬಣ್ಣಬಣ್ಣದ ಲೈಟಿನ ಕಾರಂಜಿ, ಬಂದಿದ್ದು ಹತ್ತಕ್ಕ ಮೂರು. ಸರ್ ಮಾರ್ಜಿನ್‌ನಾಗ ಕೆಂಪು ಪೆನ್ನಿಲೆ ಒಂದ ಲೈನ್ ಬರೆದಿದ್ರು, "ಪಾಣೀ ಕುಠೂನ್ ಯೇತಂ?" ನೀರ್ ಎಲ್ಲಿಂದ ಬರ್ತದ, ಅಷ್ಟ. ಆ ಪ್ರಶ್ನೆ ಹಿಡಕೊಂಡು ಆಮ್ಯಾಲ ಓದಿದ್ದನ್ನ ನಮ್ಮ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡಿ ಕನ್ನಡ ಮೀಡಿಯಂದಾಗ ಕಲ್ತು ಈಗ ಮರಾಠಿ ನೋಟ್ಸ್ ಜೋಡಿ ಗುದ್ದಾಡೋ ದೋಸ್ತರ ಸಲುವಾಗಿ ಬರೀಲಿಕತ್ತೀನಿ.

ಉದಾಹರಣಿಗೆ ದೂರ ಹೋಗೋದು ಬ್ಯಾಡ, ಸಿದ್ಧೇಶ್ವರ ಕೆರಿ ತಗೋರಿ. 12ನೇ ಶತಮಾನದಾಗ ಸಿದ್ಧರಾಮ ಸೊನ್ನಲಿಗಿ (ಸೊಲ್ಲಾಪುರದ ಹಳೇ ಹೆಸರು) ಮಂದೀನ್ನ ಕೂಡಿಸಿ ಕಟ್ಟಿಸಿದ್ದು, ನಡುವ ಗುಡಿ, ಬಾಜೂಕ ಭುಯಿಕೋಟ ಕಿಲ್ಲಾ. ನಾವು ಸಣ್ಣವರಿದ್ದಾಗಿಂದ ಅಲ್ಲಿ ಹೋಗಿ ಕೂತೀವಿ, ಫೋಟೋ ತಗದೀವಿ, ಆದ್ರ ಸಿದ್ಧರಾಮ ಇಲ್ಲೇ ಯಾಕ ಅಗೆಸಿದ, ಇನ್ನೊಂದ್ ಕಡಿ ಯಾಕಲ್ಲ ಅಂತ ಎಂದೂ ವಿಚಾರ ಮಾಡಿಲ್ಲ. ಇಳುಕಲು ಎತ್ತ ಅದ, ಸುತ್ತಲಿನ ಮಳಿ ನೀರು ಎಲ್ಲಿ ಬಂದು ನಿಲ್ತದ ಅಂತ ನೋಡದ ಆ ಕಾಲದಾಗ ಯಾರೂ ಕೆರಿ ಕಟ್ಟ್ತಿರಲಿಲ್ಲ, ಪಂಪ್ ಇರಲಿಲ್ಲಲ್ಲ.

ಈಗ ಲೆಕ್ಕಕ್ಕ ಬರೋಣು, ಇದ ಈ ಟಾಪಿಕ್ಕಿನ ಜೀವ. ಸೊಲ್ಲಾಪುರ ಜಿಲ್ಲಾದ ಸರಾಸರಿ ಮಳಿ ವರ್ಷಕ್ಕ ಸುಮಾರು 550 ಮಿಲಿಮೀಟರ್. ತೆರೆದ ನೀರಿನ ಮ್ಯಾಲಿಂದ ಆವಿಯಾಗಿ ಹೋಗೋದು ನಮ್ಮ ಬಿಸಿಲಿಗೆ 1500 ಮಿಲಿಮೀಟರಿಗಿಂತ ಕಡಿಮಿ ಅಂತೂ ಇರಲ್ಲ. ಪ್ರ್ಯಾಕ್ಟೀಸಿಗೆ ಅಂತ 10 ಹೆಕ್ಟೇರಿನ ಒಂದು ಕೆರಿ ಹಿಡೀರಿ (ಇದು ಲೆಕ್ಕಕ್ಕ ತಗೊಂಡ ಸೈಜು, ಸಿದ್ಧೇಶ್ವರ ಕೆರಿ ಅಳತಿ ಅಂತ ಬರೀಬ್ಯಾಡ್ರಿ), ಅಂದ್ರ 1,00,000 ಚದರ ಮೀಟರ್. ಅದರ ಮ್ಯಾಲ ನೇರ ಬೀಳೋ ಮಳಿ 55,000 ಘನ ಮೀಟರ್, ಆವಿ ಆಗಿ ಹೋಗೋದು 1,50,000 ಘನ ಮೀಟರ್, ಖೋತಾ 95,000. ಈ ಖೋತಾ ತುಂಬೋದು ಸುತ್ತಲಿನ ಜಮೀನಿನ ಮ್ಯಾಲ ಹರದು ಬರೋ ನೀರು, ಆ ಜಮೀನಿಗೆ ಜಲಾನಯನ ಪ್ರದೇಶ ಅಂತೀವಿ. ಖಾಲಿ ನೆಲದ ಮ್ಯಾಲ ಬಿದ್ದ ಮಳಿಯೊಳಗ ಐದನೇ ಒಂದು ಪಾಲು ಹರದು ಬರ್ತದ ಅಂತ ಹಿಡಿದ್ರ ಒಂದ್ ಚದರ ಮೀಟರಿಗೆ 0.11 ಘನ ಮೀಟರ್ ಸಿಗ್ತದ. 95,000 ಭಾಗಿಸು 0.11, ಸುಮಾರು 86 ಹೆಕ್ಟೇರ್. ಅಂದ್ರ 10 ಹೆಕ್ಟೇರಿನ ಕೆರಿ ಬರೇ ಆವಿ ಆಗೋ ನೀರಿನ ನಷ್ಟ ತುಂಬ್ಕೊಳ್ಳಾಕ ಅದರ ಎಂಟೂವರಿ ಪಟ್ಟು ಜಮೀನು ಬೇಕು, ಇನ್ನೂ ನೆಲದಾಗ ಇಂಗೋದು ಇದರಾಗ ಹಿಡಿದಿಲ್ಲ. ಬಗೀಚಾದ ಕಂಪೌಂಡ್ ಒಳಗ ಇಷ್ಟು ಜಮೀನು ಎಲ್ಲಿಂದ ಬರಬೇಕು? ಅದಕ್ಕ ಪ್ಲ್ಯಾನಿನ ಗಡಿ ಅಂದ್ರ ಕಂಪೌಂಡ್ ಗೋಡಿ ಅಲ್ಲ, ನೀರಿನ ದಾರಿ. ನನ್ನ ಹೋದ ಏಳು ಮಾರ್ಕು ಇಲ್ಲೇ ಹೋಗಿದ್ವು.

ಊರು ಬೆಳದ ಮ್ಯಾಲ ಎರಡು ಥರ ಕೆಡ್ತದ. ಒಂದು, ನಾಲಾ ಮುಚ್ಚಿ ಮ್ಯಾಲ ರಸ್ತಾ ಹಾಕಿದ್ರ ನೀರ್ ಬರೋದ ನಿಲ್ತದ, ಕೆರಿ ಒಣಗ್ತದ, ಆಮ್ಯಾಲ ಟ್ಯಾಂಕರ್ ತರಿಸಿ ತುಂಬ್ಸೋ ಮಾತು ಬರ್ತದ. ಎರಡನೇದು ಇನ್ನೂ ಕೆಟ್ಟದ್ದು, ಕಾಂಕ್ರೀಟ್ ಜಾಸ್ತಿ ಆಗಿ ಬಿದ್ದ ಮಳಿಯೊಳಗ ಮುಕ್ಕಾಲು ಪಾಲಿನ ತನಕ ಹರದು ಬರ್ತದ, ಆದ್ರ ಗಟಾರದ ನೀರು, ಗ್ಯಾರೇಜಿನ ಎಣ್ಣಿ, ಕ್ಯಾರಿಬ್ಯಾಗ್ ಎಲ್ಲಾ ಹೊತ್ಕೊಂಡ ಬರ್ತದ. ಮಳಿಗಾಲದ ಮೊದಲ ಜೋರು ಮಳಿ ಭಾಳ ಹೊಲಸು ತರ್ತದ, ಆ ಮೊದಲ ನೀರನ್ನ ಕೆರಿಗೆ ಬಿಡದ ಬಾಜೂಕ ಒಂದು ಸಣ್ಣ ಹೊಂಡಕ್ಕ ತಿರುಗಿಸಿ ಹೂಳು ಕೂಡ್ಸಿ ಆಮ್ಯಾಲ ಒಳಗ ಬಿಡೋದು ಒಂದು ಉಪಾಯ. ಬೆಂಗಳೂರಿನ ಜಕ್ಕೂರು ಕೆರಿಯೊಳಗ ಶುದ್ಧೀಕರಣ ಘಟಕದಿಂದ ಬರೋ ನೀರನ್ನ ಮೊದ್ಲ ಆಪು-ಜೊಂಡು ಬೆಳದ ಜೌಗಿನೊಳಗ ಹಾಯಿಸಿ ಆಮ್ಯಾಲ ಕೆರಿಗೆ ಬಿಡ್ತಾರ, ಗಿಡಗಂಟಿ ಬೇರು ಉಳಿದ ನೈಟ್ರೋಜನ್, ಫಾಸ್ಫರಸ್ ಹೀರ್ಕೋತಾವ. ಉದಾಹರಣಿ ಕೇಳಿದ್ರ ಇದನ್ನ ಬರೀರಿ.

ಫಾಸ್ಫರಸ್ ಅಂದ ಮ್ಯಾಲ ಹಸಿರು ನೀರಿನ ಮಾತು ಹೇಳಲೇಬೇಕು. ಗಟಾರ, ಸೋಪಿನ ನೀರು, ನಿರ್ಮಾಲ್ಯ (ಹೂವು, ಹಾರ, ಪತ್ರಿ) ಎಲ್ಲಾ ಕೂಡಿ ನೀರಿಗೆ ಗೊಬ್ಬರ ಹಾಕ್ದಂಗ, ಪಾಚಿ ಬೆಳೀತದ, ಜಲಪರ್ಣಿ (ನೀರಿನ ಮ್ಯಾಲ ತೇಲೋ ಕಳೆ) ಹಬ್ಬತದ. ಹಗಲು ಪಾಚಿ ಬಿಸಿಲಿನಾಗ ಆಕ್ಸಿಜನ್ ಬಿಡ್ತದ, ರಾತ್ರಿ ಅದ ಪಾಚಿ ಆಕ್ಸಿಜನ್ ತಗೋತದ, ಸೂರ್ಯ ಹುಟ್ಟೋಕ್ಕಿಂತ ಮೊದಲು ನೀರಿನಾಗ ಆಕ್ಸಿಜನ್ ಎಲ್ಲಕ್ಕಿಂತ ಕಡಿಮಿ ಇರ್ತದ. ಮೀನು ಸತ್ತು ತೇಲೋದು ಮುಂಜಾನಿ ಕಾಣೋದು ಅದಕ್ಕ. ಇಲ್ಲೊಂದು ಮೋಸ ಅದ ನೋಡ್ರಿ, ಸ್ಯಾಂಪಲ್ ಮಧ್ಯಾಹ್ನ ಎರಡಕ್ಕ ತಗದ್ರ ಹಸಿರು ಕೆರೀನೂ ಪಾಸ್ ಆಗ್ತದ! ಜಳಕಕ್ಕ ಯೋಗ್ಯ ನೀರು ಅಂದ್ರ ಕರಗಿದ ಆಕ್ಸಿಜನ್ ಲೀಟರಿಗೆ 5 ಮಿಲಿಗ್ರಾಂ ಅಥವಾ ಜಾಸ್ತಿ, ಬಿಒಡಿ (ನೀರಿನಾಗಿನ ಹೊಲಸು ಕೊಳಿಸಾಕ ಸೂಕ್ಷ್ಮಜೀವಿಗೆ ಬೇಕಾಗೋ ಆಕ್ಸಿಜನ್) 3 ಅಥವಾ ಕಡಿಮಿ ಇರಬೇಕು, ಮೀನಿಗೆ ಮತ್ತ ಕಾಡು ಜೀವಿಗೆ ಆಕ್ಸಿಜನ್ 4 ಇದ್ರ ನಡೀತದ. ಈ ನಂಬರ್ ಬಾಯಿಪಾಠ ಮಾಡ್ರಿ, ಆದ್ರ ಯಾವ ಹೊತ್ತಿನ ಸ್ಯಾಂಪಲ್ ಅಂತ ಬರೆದವರಿಗೆ ಮಾರ್ಕ್ ಜಾಸ್ತಿ.

ಹೂಳು ತೆಗೆಯೋದು. ಮರಾಠಿಯೊಳಗ ಹೂಳಿಗೆ ಗಾಳ ಅಂತಾರ, 2017ರಾಗ ಬಂದ "ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ" ಯೋಜನಾ ಓದಿದಾಗ ನಾನು ಮೀನು ಹಿಡಿಯೋ ಗಾಳ ಅಂತ ತಿಳಕೊಂಡು ಅರ್ಧ ತಾಸು ತಲಿ ಕೆಡಿಸ್ಕೊಂಡಿದ್ದೆ. ಕೆರಿ ಹೂಳು ತಗದು ರೈತರ ಹೊಲಕ್ಕ ಹಾಕೋದು ಅದರ ಸಾರ, ಛಲೋ ವಿಚಾರ. ಆದ್ರ ಊರೊಳಗಿನ ಕೆರಿ ಹೂಳಿನಾಗ ಗಟಾರದ ಜೋಡಿ ಬಂದ ಸೀಸ, ಸತು ಇರಬಹುದು, ಅದನ್ನ ಪರೀಕ್ಷಾ ಮಾಡದ ಹೊಲಕ್ಕ ಒಯ್ಯೋದು ಬ್ಯಾಡ. ಇನ್ನೊಂದು, ಜೆಸಿಬಿ ಹಚ್ಚಿ ಇಡೀ ಕೆರೀನ್ನ ಹಾಲಿನ ಪಾತೇಲಿ ಹಂಗ ಒಂದ ಆಳಕ್ಕ ತೋಡಬಾರದು. ದಂಡಿ ಹತ್ರ ಮೊಣಕಾಲುದ್ದ ನೀರು ಉಳಿಬೇಕು, ಉದ್ದ ಕಾಲಿನ ಹಕ್ಕಿ ಅಲ್ಲೇ ನಿಂತು ತಿಂತಾವ, ವಿಜಾಪುರ ರೋಡಿನ ಕಂಬರ ತಲಾವಿಗೆ ಚಳಿಗಾಲದಾಗ ಹಕ್ಕಿ ನೋಡಾಕ ಹೋದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ದಂಡಿ ತುಂಬಾ ಕಲ್ಲು ಕಟ್ಟಿ ಪೇವರ್ ಹಾಕಿದ್ರ ನೋಡಾಕ ನೀಟ್, ಕಪ್ಪಿ ಕೂಡ ಮ್ಯಾಲ ಹತ್ತಂಗಿಲ್ಲ. ಮತ್ತ ನಮ್ಮದು ಎರಿ ಮಣ್ಣು, ಮಳಿಗೆ ಉಬ್ಬಿ ಬ್ಯಾಸಗಿಗೆ ಬಿರುಕು ಬಿಡ್ತದ, ಮೂರು ವರ್ಷದಾಗ ಆ ಪೇವರ್ ಏಳತಾವ ಬೀಳತಾವ.

ಗಿಡಗಳದ್ದು ಸ್ವಲ್ಪದಾಗ ಹೇಳ್ತೀನಿ. ಎಲ್ಲಾ ಗಿಡ ಒಂದ ವರ್ಷ ಒಂದ ಉದ್ಘಾಟನಾದಾಗ ಹಚ್ಚಿದ್ರ ಎಲ್ಲಾ ಒಂದ ಕಾಲಕ್ಕ ಮುದಿ ಆಗ್ತಾವ, ಅದಕ್ಕ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಹಚ್ಚಬೇಕು. 10-20-30 ಅಂತ ಒಂದು ಹೆಬ್ಬೆರಳ ಲೆಕ್ಕ ಅದ, ಒಂದ ಜಾತಿ ಗಿಡ ನೂರಕ್ಕ 10ಕ್ಕಿಂತ, ಒಂದ ಕುಲ 20ಕ್ಕಿಂತ, ಒಂದ ಕುಟುಂಬ 30ಕ್ಕಿಂತ ಜಾಸ್ತಿ ಇರಬಾರದು, ರೋಗ ಬಂದ್ರ ಬಗೀಚಾ ಪೂರ್ತಿ ಹೋಗಬಾರದು ಅಂತ. ಬೇವು, ಆಲ, ಹುಣಸಿ, ಹೊಂಗಿ ಇವೆಲ್ಲಾ ನಮ್ಮ ಬಿಸಿಲಿಗೆ ತಡೀತಾವ. ಮಹಾರಾಷ್ಟ್ರದ 1975ರ ವೃಕ್ಷ ಕಾಯ್ದೆಗೆ 2021ರಾಗ ತಿದ್ದುಪಡಿ ಆಗಿ 50 ವರ್ಷ ಮತ್ತ ಮ್ಯಾಲಿನ ಗಿಡಕ್ಕ ಹೆರಿಟೇಜ್ ಗಿಡ ಅನ್ನೋ ಹೆಸರು ಬಂದದ.

ಕಾಯ್ದೆ ಭಾಗ ಬ್ಯಾಸರ ಅಂತ ಬಿಡಬ್ಯಾಡ್ರಿ, "ದೀರ್ಘಾವಧಿ" ಅನ್ನೋ ಶಬ್ದದ ಅರ್ಥ ಇಲ್ಲೇ ಅದ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯೊಳಗ ಬಗೀಚಾ, ಆಟದ ಮೈದಾನ ಪಾಲಿಕಿ ಕೆಲಸ ಅಂತ ಅದ. ನಗರದ ವಿಕಾಸ ಆರಾಖಡಾ, ನಾವು ಡಿಪಿ (ಡೆವಲಪ್‌ಮೆಂಟ್ ಪ್ಲ್ಯಾನ್) ಅಂತೀವಲ್ಲ, ಅದು ಮಹಾರಾಷ್ಟ್ರದ ನಗರ ಯೋಜನಾ ಕಾಯ್ದೆ, ಅಂದ್ರ ಎಂಆರ್‌ಟಿಪಿ ಕಾಯ್ದೆ 1966ರ ಪ್ರಕಾರ ನಡೀತದ, 20 ವರ್ಷಕ್ಕೊಮ್ಮೆ ಪರಿಷ್ಕರಣ. ಡಿಪಿಯೊಳಗ ಹಸಿರು ಬಣ್ಣ ಹಚ್ಚಿ "ಬಗೀಚಾಕ್ಕ ಆರಕ್ಷಿತ" ಅಂತ ಬರೆದ್ರ ಆಯ್ತು ಅಂತ ಮಂದಿ ತಿಳೀತಾರ, ಆದ್ರ ಅದ ಕಾಯ್ದೆಯ 127ನೇ ಕಲಂ ಓದ್ರಿ, 10 ವರ್ಷದಾಗ ಆ ಜಾಗಾ ಪಾಲಿಕಿ ತಗೊಳ್ಳದಿದ್ರ ಮಾಲಕ ನೋಟೀಸ್ ಕೊಡಬಹುದು, ನೋಟೀಸಿನ ಮುದ್ದತ್ತಿನಾಗನೂ ಭೂಸ್ವಾಧೀನಕ್ಕ ಹೆಜ್ಜಿ ಇಡದಿದ್ರ ಆರಕ್ಷಣನ ರದ್ದು. ಅಂದ್ರ ನಕ್ಷಾದಾಗ ಹಸಿರು, ರೊಕ್ಕ ಮಾತ್ರ ಯಾವ ಬಜೆಟ್‌ನಾಗೂ ಇಲ್ಲ ಅಂದ್ರ ಆ ಬಗೀಚಾ ಹುಟ್ಟೋಕ್ಕಿಂತ ಮೊದಲ ಹೋತು. ಇನ್ನ 2017ರ ವೆಟ್‌ಲ್ಯಾಂಡ್ (ಜೌಗು ಪ್ರದೇಶ) ನಿಯಮ ಕಾಪಾಡ್ತದ ಅಂತ ಬರೆದ್ರ ಹುಷಾರ್, ಕುಡಿಯೋ ನೀರಿಗೆ, ನೀರಾವರಿಗೆ, ಮನರಂಜನಿಗೆ ಅಂತಲೇ ಮನುಷ್ಯ ಕಟ್ಟಿದ ಕೆರಿ ಆ ವ್ಯಾಖ್ಯಾದೊಳಗ ಬರಂಗಿಲ್ಲ. ಕಿಲ್ಲಾದಂಥ ಸಂರಕ್ಷಿತ ಸ್ಮಾರಕ ಬಾಜೂಕ ಇದ್ರ ಬ್ಯಾರೆ ಹತ್ಯಾರ ಸಿಗ್ತದ, ಪುರಾತನ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಸ್ಮಾರಕದಿಂದ 100 ಮೀಟರ್ ಒಳಗ ಹೊಸ ಕಟ್ಟಡ ಬಂದ್, ಅದರಾಚಿ 200 ಮೀಟರ್ ಪರವಾನಗಿ ತಗೊಂಡು.

ಸಿದ್ಧೇಶ್ವರ ಜಾತ್ರಿ ಮರೀಬಾರದು. ಸಂಕ್ರಾಂತಿಗೆ ಏಳು ನಂದಿಧ್ವಜ ಎದ್ದು ಅಕ್ಷತಾ ಬೀಳೋ ದಿನ ಕೆರಿ ಸುತ್ತ ನಿಲ್ಲಾಕ ಜಾಗಾ ಇರಲ್ಲ, ವರ್ಷದ ಉಳಿದ ದಿನ ಮುಂಜಾನಿ ವಾಕಿಂಗ್ ಮಂದಿ ಅಷ್ಟ. ಹೊರಗಿನ ಕನ್ಸಲ್ಟಂಟ್ ಬಂದು ಖಾಲಿ ಮೈದಾನ ನೋಡಿ "ವೇಸ್ಟ್ ಸ್ಪೇಸ್, ಇಲ್ಲೊಂದು ಲಾನ್" ಅಂದ್ರ ಜನವರಿಯೊಳಗ ಆ ಲಾನಿನ ಗತಿ ಏನ್ ಆಗ್ತದ ನೀವ ವಿಚಾರ ಮಾಡ್ರಿ. ಖಾಲಿ ಬಿಡೋದೂ ಪ್ಲ್ಯಾನ್‌ನಾಗ ಬರೀಬೇಕಾದ ಒಂದು ನಿರ್ಣಯ.

ಕಡೀಕ ಯಾರು ಮಾಡ್ತಾರ ಅನ್ನೋದು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಎಲ್ಲಾರೂ ಉದಾಹರಣಿ ಕೊಡ್ತಾರ, 843 ಎಕರೆ, ಓಮ್‌ಸ್ಟೆಡ್ ಮತ್ತ ವಾಕ್ಸ್ ಅವರ ಡಿಸೈನು ಗೆದ್ದಿದ್ದು 1858ರಾಗ, ಅಲ್ಲಿನ ಕೆರಿಗಳೂ ಮನುಷ್ಯರು ಮಾಡಿದ್ದ. ಆದ್ರ ಅಷ್ಟು ಛಲೋ ಡಿಸೈನ್ ಇದ್ದೂ 1970ರ ದಶಕದಾಗ ಆ ಪಾರ್ಕ್ ಹಾಳು ಬಿದ್ದಿತ್ತು, ಯಾಕಂದ್ರ ನೋಡ್ಕೊಳ್ಳೋರಿಲ್ಲ, ರೊಕ್ಕಿಲ್ಲ. 1980ರಾಗ ಕನ್ಸರ್ವೆನ್ಸಿ ಅಂತ ಒಂದು ಸಂಸ್ಥಾ ಹುಟ್ಟಿತು, ಆಮ್ಯಾಲ ಪಾರ್ಕನ್ನ 49 ಝೋನ್ ಮಾಡಿ ಒಂದೊಂದು ಝೋನಿಗೆ ಒಬ್ಬ ಮಾಳಿ ಜವಾಬ್ದಾರ ಅಂತ ಇಟ್ರು. ಡಿಸೈನ್ ಹಳೇದ, ಬದಲಾಗಿದ್ದು ನೋಡ್ಕೊಳ್ಳೋ ಪದ್ಧತಿ. ನಮ್ಮ ಕಡಿ ಟೆಂಡರ್ ಕಟ್ಟೋದಕ್ಕ ಇರ್ತದ, ಹನ್ನೆರಡನೇ ವರ್ಷ ನಾಲಾದ ಜಾಳಗಿಗೆ ಸಿಕ್ಕ ಕಸ ತೆಗೆಯೋದಕ್ಕ ಇರಲ್ಲ. ಅದಕ್ಕ ಉತ್ತರದ ಕೊನಿಗೆ ಒಂದು ಟೇಬಲ್ ಹಾಕ್ರಿ, ಮೇ ತಿಂಗಳದಾಗ ನಾಲಾ ಮತ್ತ ಜಾಳಗಿ ಸ್ವಚ್ಛ, ಜೂನ್ ಮೊದಲ ಮಳಿಗೆ ನೀರ್ ತಿರುಗಿಸೋ ಗೇಟ್, ಗಣಪತಿ ಮತ್ತ ಜಾತ್ರಿ ಆದ ಮರುದಿನ ನಿರ್ಮಾಲ್ಯ, ಪ್ರತಿ ತಿಂಗಳು ಸೂರ್ಯೋದಯಕ್ಕ ಒಂದು ಸ್ಯಾಂಪಲ್, ಪ್ರತಿಯೊಂದರ ಮುಂದ ಯಾರು ಮತ್ತ ಯಾವ ಬಜೆಟ್ ಅಂತ.

ಇದೆಲ್ಲಾ ಸೇರಿಸಿ ಮತ್ತೊಮ್ಮೆ ಬರೆದು ಸರ್‌ಗ ತೋರಿಸ್ದೆ, ಏಳು ಕೊಟ್ರು. ಕಾರಂಜಿ ಇನ್ನೂ ಯಾಕ ಇಟ್ಟೀಯೋ ಅಂದ್ರು. ನೀರಿಗೆ ಆಕ್ಸಿಜನ್ ಸೇರ್ತದಲ್ಲ ಸರ್, ಅಂದೆ. ಲೈಟ್ ಬಿಲ್ ನಿನ್ನ ಟೇಬಲ್‌ನಾಗ ಎಲ್ಲಿ ಅದ, ಅಂದ್ರು.