ಕೌಂಟರ್ ಆಗಾಗ ಖಾಲಿ ಇರಬೇಕು

ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಸಾಲು ಕಡಿಮೆ ಮಾಡುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ಮೊದಲು ಕೇಳಿಬರುವ ದೂರು ಒಂದೇ, "ಕೌಂಟರಿನವರು ತುಂಬಾ ನಿಧಾನ ಸರ್." ಪಕ್ಕದಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ಒಬ್ಬರದು ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಮುಂದಿನವರ ಹತ್ತಿರ, "ಅಜ್ಜಿ, ಹಳೇ ಚೀಟಿ ತಂದಿದೀರಾ?" "ಮಗನ ಹತ್ರ ಐತಪ್ಪ, ಗಾಡಿ ನಿಲ್ಲಿಸಕ್ಕೆ ಹೋಗವ್ನೆ." ಅಲ್ಲಿಗೆ ಎಂಟು ನಿಮಿಷ.

ಸರಾಸರಿ ಮೂರು ನಿಮಿಷ ಅಂದುಕೊಳ್ಳಿ. ಅಂದರೆ ಗಂಟೆಗೆ 20 ಜನರ ಕೆಲಸ ಆಗಬಹುದು. ಜನ ಬರುವುದಕ್ಕೂ ಹೊತ್ತುಗೊತ್ತಿಲ್ಲ, ಒಬ್ಬೊಬ್ಬರಿಗೆ ಹಿಡಿಯುವ ಸಮಯವೂ ಹೀಗೇ ಏರುಪೇರು. ಆಗ ಗಂಟೆಗೆ 16 ಜನ ಬಂದರೆ, ತಮ್ಮ ಸರದಿಗೆ ಸರಾಸರಿ 12 ನಿಮಿಷ ಕಾಯುತ್ತಾರೆ. 18 ಜನ ಬಂದರೆ 27 ನಿಮಿಷ. 19 ಬಂದರೆ 57! ಕೌಂಟರಿನವರ ಕೈ ಒಂದಿಷ್ಟೂ ನಿಧಾನ ಆಗಿಲ್ಲ, ಗಂಟೆಗೆ ಮೂರು ಜನ ಜಾಸ್ತಿಯಾದರು ಅಷ್ಟೆ.

ಯಾಕೆ ಹೀಗೆ? ಯಾರೂ ಇಲ್ಲದ ಐದು ನಿಮಿಷವನ್ನು ಮುಂದಿನ ನೂಕುನುಗ್ಗಲಿಗೆ ಎತ್ತಿಡಲು ಬರುವುದಿಲ್ಲ. ಅದು ಹೋದರೆ ಹೋಯಿತು. ಆದರೆ ಒಮ್ಮೆ ಬೆಳೆದ ಸಾಲು ಹಾಗೇ ಉಳಿಯುತ್ತದೆ, ಅದು ಕರಗಬೇಕಾದರೆ ಬಿಡುವು ಬೇಕು. ಹಾಗಾಗಿ ಸಿಬ್ಬಂದಿ ಸುಮ್ನೆ ಕೂತಿದ್ದಾರೆ ಅಂತ ಒಂದು ಕೌಂಟರ್ ಮುಚ್ಚಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈ ಲೆಕ್ಕ ಹುಟ್ಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಕರೆಗಳು ಬರುವ ರೀತಿಯ ಬಗ್ಗೆ ಬರೆದರು. ಇವತ್ತಿಗೂ ಕಾಲ್ ಸೆಂಟರಿನವರು ಎಷ್ಟು ಜನ ಬೇಕೆಂದು ಲೆಕ್ಕ ಹಾಕುವುದು ಅವರ ಸೂತ್ರದಿಂದಲೇ.

ಖರ್ಚಿಲ್ಲದ ಉಪಾಯವೂ ಒಂದಿದೆ. ಎರಡು ಕೌಂಟರ್, ಎರಡು ಸಾಲು, ಒಂದೊಂದಕ್ಕೆ ಗಂಟೆಗೆ 18 ಜನ ಅಂದುಕೊಳ್ಳಿ. ಸಾಲು ಬದಲಿಸದೆ ನಿಂತರೆ ಕಾಯುವುದು ಅದೇ 27 ನಿಮಿಷ. ಎರಡಕ್ಕೂ ಸೇರಿಸಿ ಒಂದೇ ಸಾಲು ಮಾಡಿ, ಯಾವ ಕೌಂಟರ್ ಖಾಲಿಯಾದರೆ ಅಲ್ಲಿಗೆ ಕಳಿಸಿ. ಸುಮಾರು 13 ನಿಮಿಷಕ್ಕೆ ಇಳಿಯುತ್ತದೆ. ಅಜ್ಜಿಯ ಮಗ ಬರುವ ತನಕ ಒಂದು ಕೌಂಟರ್ ನಿಂತರೂ ಇನ್ನೊಂದು ನಡೆಯುತ್ತಿರುತ್ತದಲ್ವಾ! ಸಾಲು ನೋಡಲು ಉದ್ದ ಕಾಣುತ್ತದೆ, ಜನ ಮೊದಲು ಗೊಣಗುತ್ತಾರೆ. ಟೋಕನ್ ಕೊಟ್ಟು ಕುರ್ಚಿ ಹಾಕಿದರೆ ಅದೂ ನಿಲ್ಲುತ್ತದೆ.

ಡಾಕ್ಟರ ಬಾಗಿಲ ಮುಂದಿನ ಕಥೆ ಇನ್ನೂ ಕಷ್ಟದ್ದು. 40 ಜನರಿಗೂ "ಒಂಬತ್ತಕ್ಕೆ ಬನ್ನಿ" ಅನ್ನುತ್ತಾರೆ. ಒಬ್ಬರಿಗೆ ಆರು ನಿಮಿಷ ಅಂದರೂ ಕೊನೆಯವರು ಸುಮಾರು ನಾಲ್ಕು ಗಂಟೆ ಕೂರಬೇಕು. 1952ರಲ್ಲೇ ನಾರ್ಮನ್ ಬೇಲಿ ಎಂಬ ಸಂಖ್ಯಾಶಾಸ್ತ್ರಜ್ಞ ಬ್ರಿಟನ್ನಿನ ಆಸ್ಪತ್ರೆಗಳ ಸಾಲನ್ನು ಅಧ್ಯಯನ ಮಾಡಿ ದಾರಿ ಹೇಳಿದ್ದರು. ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಒಬ್ಬರಿಗೆ ಹಿಡಿಯುವ ಸರಾಸರಿ ಸಮಯಕ್ಕೆ ಒಬ್ಬರಂತೆ. ಡಾಕ್ಟರು ಐದು ನಿಮಿಷ ಕೆಲಸವಿಲ್ಲದೆ ಕೂರಬೇಕಾದೀತು ಎಂದು ಆಡಳಿತದವರು ಹಿಂಜರಿಯುತ್ತಾರೆ. ಹೊರಗೆ ಕೂತವರು ದಿನದ ಕೂಲಿ ಬಿಟ್ಟು ಬಂದವರು, ಅವರ ಗಂಟೆಗಳನ್ನು ಯಾರೂ ಬರೆದಿಡುವುದಿಲ್ಲ.

ಅದಕ್ಕೇ ನಾನು ಮೊದಲು ಕೇಳುವುದು ಇಷ್ಟೇ: ಟೋಕನ್ ಕೊಟ್ಟ ಸಮಯ, ಕರೆದ ಸಮಯ ಎರಡನ್ನೂ ಚೀಟಿಯ ಮೇಲೆ ಬರೆಯಿರಿ. ಒಂದು ವಾರದ ಚೀಟಿ ಸಿಕ್ಕರೆ ಇನ್ನೊಂದು ಕೌಂಟರ್ ಯಾವ ಹೊತ್ತಿಗೆ ತೆರೆಯಬೇಕೆಂದು ಗೊತ್ತಾಗುತ್ತದೆ. ಎಷ್ಟೋ ಕಡೆ ಬೆಳಗಿನ ಎರಡು ಗಂಟೆ ತೆರೆದರೆ ಸಾಕಾಗುತ್ತದೆ.