ಪೆಲ್ಟಿಯರ್ ಮಾಡ್ಯೂಲನ್ನು ಸೈಲೆನ್ಸರಿಗೆ ಕೂರಿಸಿದರೆ ವಿದ್ಯುತ್ ಸಿಗುವುದಿಲ್ಲವೇ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುವ ಪೆಲ್ಟಿಯರ್ ಮಾಡ್ಯೂಲನ್ನು ಬೈಕಿನ ಸೈಲೆನ್ಸರಿಗೋ ಕುಲುಮೆಯ ಗೋಡೆಗೋ ಕೂರಿಸಿ, ವ್ಯರ್ಥವಾಗುವ ಶಾಖದಿಂದ ವಿದ್ಯುತ್ ಪಡೆಯಬಹುದಲ್ಲವೇ?

ಉತ್ತರ: ಸ್ವಲ್ಪ ಹೊತ್ತು ಪಡೆಯಬಹುದು. ನಾಲ್ಕು ಸೆಂಟಿಮೀಟರ್ ಚೌಕದ ಆ ಬಿಳಿ ಬಿಲ್ಲೆ ತಂಪು ಮಾಡುವುದಕ್ಕೆಂದು ತಯಾರಾದದ್ದು. ಅದರೊಳಗಿನ 127 ಜೋಡಿ ಬಿಸ್ಮತ್ ಟೆಲ್ಯುರೈಡ್ ತುಣುಕುಗಳನ್ನು ಹಿಡಿದಿಟ್ಟಿರುವ ಬಿಸ್ಮತ್-ತವರದ ಬೆಸುಗೆ ಹಲವು ಮಾದರಿಗಳಲ್ಲಿ 138 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಆದರೆ ಬೆಸುಗೆಯನ್ನು ಬದಲಿಸಿದ ಮಾತ್ರಕ್ಕೆ ತೊಂದರೆ ತೀರುವುದಿಲ್ಲ, ಏಕೆಂದರೆ ಆ ವಸ್ತುವೇ ಹೆಚ್ಚಿನ ಉಷ್ಣತೆಗೆ ಹೇಳಿದ್ದಲ್ಲ.

ಉಷ್ಣತೆಯ ವ್ಯತ್ಯಾಸದಿಂದ ವಿದ್ಯುತ್ ಹುಟ್ಟಿಸುವ ಇಂತಹ ಉಷ್ಣವಿದ್ಯುತ್ ವಸ್ತುವಿನ ಗುಣವನ್ನು ಝಡ್‌ಟಿ ಎಂಬ ಅಂಕದಿಂದ ಅಳೆಯುತ್ತಾರೆ; ಅಂಕ ಹೆಚ್ಚಿದ್ದಷ್ಟೂ ವಸ್ತು ಉತ್ತಮ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಹುಟ್ಟುವ ವೋಲ್ಟೇಜ್, ಅಂದರೆ ಸೀಬೆಕ್ ಗುಣಾಂಕದ ವರ್ಗವನ್ನು ವಿದ್ಯುದ್ವಾಹಕತೆ ಮತ್ತು ನಿರಪೇಕ್ಷ ಉಷ್ಣತೆಗಳಿಂದ ಗುಣಿಸಿ, ಶಾಖವಾಹಕತೆಯಿಂದ ಭಾಗಿಸಿದರೆ ಆ ಅಂಕ ಬರುತ್ತದೆ. ಇವು ಒಂದಕ್ಕೊಂದು ಹೆಣೆದುಕೊಂಡಿವೆ: ವಿದ್ಯುತ್ತನ್ನು ಹೊತ್ತೊಯ್ಯುವ ಎಲೆಕ್ಟ್ರಾನ್‌ಗಳಂತಹ ವಾಹಕಗಳ ಸಂಖ್ಯೆ ಹೆಚ್ಚಿಸಿದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಆದರೆ ಸೀಬೆಕ್ ಗುಣಾಂಕ ಕುಸಿಯುತ್ತದೆ, ಶಾಖವೂ ಹೆಚ್ಚು ಸೋರುತ್ತದೆ.

ಉಷ್ಣತೆ ಏರಿದಾಗ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಬಿಸ್ಮತ್ ಟೆಲ್ಯುರೈಡಿನ ಶಕ್ತಿ ಅಂತರ, ಅಂದರೆ ಬಂಧಿತ ಎಲೆಕ್ಟ್ರಾನ್ ಬಿಡುಗಡೆಯಾಗಿ ಹರಿಯಲು ದಾಟಬೇಕಾದ ಶಕ್ತಿಯ ಕಂದಕ, ಬಲು ಕಿರಿದು, ಸುಮಾರು 0.15 ಎಲೆಕ್ಟ್ರಾನ್ ವೋಲ್ಟ್. ಹೀಗಾಗಿ ಸುಮಾರು 200 ಡಿಗ್ರಿ ದಾಟುತ್ತಿದ್ದಂತೆ ಶಾಖವೇ ಎಲೆಕ್ಟ್ರಾನ್‌ಗಳನ್ನು ಮೇಲಕ್ಕೆಬ್ಬಿಸಿ ಎಲೆಕ್ಟ್ರಾನ್-ರಂಧ್ರಗಳ ಜೋಡಿಗಳನ್ನು ಹುಟ್ಟಿಸುತ್ತದೆ (ರಂಧ್ರವೆಂದರೆ ಎಲೆಕ್ಟ್ರಾನ್ ತೆರವು ಮಾಡಿದ, ಧನ ವಿದ್ಯುದಂಶದಂತೆ ವರ್ತಿಸುವ ಜಾಗ). ಎರಡೂ ತಣ್ಣನೆಯ ಬದಿಗೇ ಸಾಗುವುದರಿಂದ ಅವುಗಳ ವೋಲ್ಟೇಜ್ ಪರಸ್ಪರ ರದ್ದಾಗುತ್ತದೆ, ಜೊತೆಗೆ ಶಾಖವೂ ಅವುಗಳೊಂದಿಗೆ ಹೊರಟುಹೋಗುತ್ತದೆ. ಇದಕ್ಕೆ ಪರಿಹಾರ ಅಗಲವಾದ ಶಕ್ತಿ ಅಂತರ ಮತ್ತು ಹೆಚ್ಚು ಗಾಢವಾದ ಡೋಪಿಂಗ್, ಅಂದರೆ ವಾಹಕಗಳನ್ನು ಒದಗಿಸುವ ಬೇರೆ ಪರಮಾಣುಗಳ ಬೆರಕೆ. ಅದಕ್ಕೆಂದೇ 300ರಿಂದ 600 ಡಿಗ್ರಿಯ ವಲಯಕ್ಕೆ ಸೀಸದ ಟೆಲ್ಯುರೈಡನ್ನೂ, ಸಾವಿರ ಡಿಗ್ರಿಯ ಆಸುಪಾಸಿಗೆ ಸಿಲಿಕಾನ್-ಜರ್ಮೇನಿಯಂ ಮಿಶ್ರಲೋಹವನ್ನೂ ಆರಿಸಿಕೊಳ್ಳುತ್ತಾರೆ.

ಉಳಿದ ಕೆಲಸ ಶಾಖವನ್ನು ತಡೆಯುವುದು. ಶಾಖವನ್ನು ಹೊತ್ತೊಯ್ಯುವ ಜಾಲಕದ ಕಂಪನಗಳು, ಅಂದರೆ ಫೋನಾನ್‌ಗಳು, ಎಲ್ಲ ಅಳತೆಗಳಲ್ಲೂ ಇರುವುದರಿಂದ ತಡೆಗಳೂ ಎಲ್ಲ ಅಳತೆಗಳಲ್ಲಿ ಇರಬೇಕು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್ ಅವರು ಅಮೆರಿಕದಲ್ಲಿ ರಸಾಯನವಿಜ್ಞಾನಿ ಕಾನಟ್ಸಿಡಿಸ್ ಅವರೊಂದಿಗೆ ದುಡಿದು 2012ರಲ್ಲಿ ಪ್ರಕಟಿಸಿದ ಕೆಲಸ ಇದರ ಒಳ್ಳೆಯ ಉದಾಹರಣೆ. ಸೀಸದ ಟೆಲ್ಯುರೈಡಿನಲ್ಲಿ ಸೋಡಿಯಂ ಪರಮಾಣುಗಳು, ಸ್ಟ್ರಾನ್ಷಿಯಂ ಟೆಲ್ಯುರೈಡಿನ ನ್ಯಾನೋ ಕಣಗಳು ಮತ್ತು ಪುಡಿಯನ್ನು ಒತ್ತಿ ಮಾಡಿದ ಸಣ್ಣ ಹರಳುಗಳ ಗಡಿಗಳು ಮೂರೂ ಸೇರಿ 915 ಕೆಲ್ವಿನ್‌ನಲ್ಲಿ (ಸುಮಾರು 640 ಡಿಗ್ರಿ ಸೆಲ್ಸಿಯಸ್) ಝಡ್‌ಟಿಯನ್ನು 2.2ಕ್ಕೆ ಏರಿಸಿದವು. 2021ರಲ್ಲಿ ಅವರದೇ ಬೆಂಗಳೂರಿನ ತಂಡ ಕ್ಯಾಡ್ಮಿಯಂ ಬೆರೆಸಿದ ಬೆಳ್ಳಿ-ಆಂಟಿಮನಿ ಟೆಲ್ಯುರೈಡಿನಲ್ಲಿ 300 ಡಿಗ್ರಿ ಸೆಲ್ಸಿಯಸ್‌ಗೆ 2.6ನ್ನು ಮುಟ್ಟಿತು.

ಇಂತಹ ಶಿಖರದ ಅಂಕಗಳಿಗೆ ಸುದ್ದಿಯಲ್ಲಿ ಸಿಗುವ ಮಹತ್ವ ಸ್ವಲ್ಪ ಅತಿಯಾಯಿತು ಎಂದೇ ನನಗನಿಸುತ್ತದೆ. ತುಣುಕಿನ ಒಂದು ತುದಿ ಬಿಸಿ, ಇನ್ನೊಂದು ತಂಪು. ಲೆಕ್ಕಕ್ಕೆ ಬರುವುದು ಇಡೀ ಉದ್ದದ ಸರಾಸರಿ. ಬಿಸಿ ಬದಿ 800, ತಂಪು ಬದಿ 350 ಕೆಲ್ವಿನ್ ಇದ್ದು ಸರಾಸರಿ ಝಡ್‌ಟಿ 1 ಆದರೆ, ಸಂಪರ್ಕಗಳ ನಷ್ಟವನ್ನು ಬಿಟ್ಟು, ದಕ್ಷತೆ ಶೇಕಡ 12.5ರ ಆಸುಪಾಸಿನಲ್ಲಿರುತ್ತದೆ. ನಿಜ ಜೀವನದಲ್ಲಿ ಇದು ಇನ್ನೂ ಕಡಿಮೆ: ಮಂಗಳ ಗ್ರಹದ ಮೇಲಿನ ಕ್ಯೂರಿಯಾಸಿಟಿ ರೋವರ್‌ನ ಉಷ್ಣವಿದ್ಯುತ್ ಜನಕವು ಆರಂಭದಲ್ಲಿ ಸುಮಾರು 2000 ವ್ಯಾಟ್ ಶಾಖದಿಂದ 110 ವ್ಯಾಟ್‌ನಷ್ಟು ವಿದ್ಯುತ್ತನ್ನು ಕೊಡುತ್ತಿತ್ತು.

ಬಾಳಿಕೆಯ ವಿಷಯವೂ ಅಷ್ಟೇ ಮುಖ್ಯ. ಬಿಸಿ ತುದಿಯಲ್ಲಿ ವಸ್ತು ನಿಧಾನವಾಗಿ ಆವಿಯಾಗುತ್ತದೆ, ಲೋಹದ ಸಂಪರ್ಕ ಒಳಕ್ಕೆ ಇಳಿಯುತ್ತದೆ, ಹಿಗ್ಗುವಿಕೆಯ ವ್ಯತ್ಯಾಸದಿಂದ ಬಿರುಕು ಬೀಳುತ್ತದೆ. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳ ವಿದ್ಯುತ್ ಜನಕದ ಸಿಲಿಕಾನ್-ಜರ್ಮೇನಿಯಂ ತುಣುಕುಗಳಿಗೆ ಇದಕ್ಕಾಗಿಯೇ ಸಿಲಿಕಾನ್ ನೈಟ್ರೈಡಿನ ಲೇಪ ಕೊಡಲಾಗಿತ್ತು. ಝಡ್‌ಟಿ 1ನ್ನೂ ಮುಟ್ಟದ ಆ ವಸ್ತು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ದುಡಿದಿದೆ.

ಸೈಲೆನ್ಸರಿನ ಪ್ರಯೋಗ ಮಾಡಲೇಬೇಕೆಂದಿದ್ದರೆ, ವಿದ್ಯುತ್ ಉತ್ಪಾದನೆಗೆಂದೇ ತಯಾರಾದ, ಹೆಚ್ಚಿನ ಉಷ್ಣತೆ ತಡೆಯುವ ಬೆಸುಗೆಯ ಮಾಡ್ಯೂಲನ್ನು ಕೊಂಡು, ಅದರ ಮೇಲೆ ನಮೂದಾದ ಗರಿಷ್ಠ ಉಷ್ಣತೆಗಿಂತ ಕೆಳಗಿರುವ ಜಾಗವನ್ನು ಆರಿಸಿ, ತಂಪು ಬದಿಗೆ ಗಾಳಿ ಚೆನ್ನಾಗಿ ತಾಗುವಂತೆ ದೊಡ್ಡ ಅಲ್ಯೂಮಿನಿಯಂ ರೆಕ್ಕೆಗಳನ್ನು ಜೋಡಿಸಿ. ಬೈಕ್ ನಿಂತಾಗ ಆ ಬದಿಯೂ ಬಿಸಿಯಾಗಿ ವೋಲ್ಟೇಜ್ ಇಳಿಯುತ್ತದೆ.