ಪುಸ್ತಕ ಹೊಸದು, ಕಥೆ ಹಳೆಯದು: ಸೈನ್ಸ್ ಫಿಕ್ಷನ್ ಸಂಕಲನಗಳ ಗೋಜಲು ಶುರುವಾದದ್ದು ಹೇಗೆ?

ಮೆಚ್ಚಿನ ಸೈನ್ಸ್ ಫಿಕ್ಷನ್ ಲೇಖಕರ ಕಾದಂಬರಿಗಳನ್ನೆಲ್ಲ ಕೂಡಿಹಾಕುವುದು ಅಂಥ ಕಷ್ಟವಲ್ಲ. ಪಟ್ಟಿ ಇಟ್ಟುಕೊಂಡು ಒಂದೊಂದೇ ಕೊಳ್ಳುತ್ತಾ ಹೋದರಾಯಿತು. ಲೆಕ್ಕ ತಪ್ಪುವುದು ಸಣ್ಣ ಕಥೆಗಳಿಗೆ ಬಂದಾಗ. ಸಂಕಲನದ ಮೇಲೆ ಸಂಕಲನ ಕೊಂಡರೂ ಕೆಲವು ಕಥೆಗಳು ಮತ್ತೆ ಮತ್ತೆ ಎದುರಾಗುತ್ತವೆ, ಇನ್ನು ಕೆಲವು ಸಿಗುವುದೇ ಇಲ್ಲ. ಇದರಲ್ಲಿ ಕೊಳ್ಳುವವರ ತಪ್ಪೇನೂ ಇಲ್ಲ. ಈ ಕಥೆಗಳು ಅಚ್ಚಾಗಿ ಮಾರಾಟವಾದ ರೀತಿಯೇ ಹಾಗಿತ್ತು.

ಮೊದಲಿಗೆ ಇದ್ದದ್ದು ಪತ್ರಿಕೆಗಳು ಮಾತ್ರ. ಅಮೆರಿಕದಲ್ಲಿ 'ವಿಯರ್ಡ್ ಟೇಲ್ಸ್' 1923ರಲ್ಲಿ, 'ಅಮೇಝಿಂಗ್ ಸ್ಟೋರೀಸ್' 1926ರಲ್ಲಿ, 'ಅಸ್ಟೌಂಡಿಂಗ್' 1930ರಲ್ಲಿ ಶುರುವಾದವು. ಲೇಖಕರಿಗೆ ಪದದ ಲೆಕ್ಕದಲ್ಲಿ ದುಡ್ಡು. ಪದಕ್ಕೆ ಒಂದು ಸೆಂಟ್ ಸಿಕ್ಕರೆ ಆಗ ಒಳ್ಳೆಯ ದರವೇ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಜಾಸ್ತಿ. ವರ್ಷ ಕಳೆದಂತೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ, ಅಂಚು ಮುಟ್ಟಿದರೆ ಪುಡಿಪುಡಿ ಉದುರುತ್ತದೆ. ಮುಂದಿನ ತಿಂಗಳ ಸಂಚಿಕೆ ಬಂದರೆ ಹಿಂದಿನದು ಅಂಗಡಿಯಿಂದ ಹೋಯಿತು. ಇಂಥ ಕಥೆಗಳನ್ನು ಪುಸ್ತಕ ಮಾಡಲು ದೊಡ್ಡ ಪ್ರಕಾಶಕರಿಗೆ ಮನಸ್ಸಿರಲಿಲ್ಲ.

ಆ ಕೆಲಸಕ್ಕೆ ಕೈಹಾಕಿದವರು ಅಭಿಮಾನಿಗಳೇ. ಈ ಪತ್ರಿಕೆಗಳಿಗೆ ಭಯಾನಕ ಕಥೆ ಬರೆಯುತ್ತಿದ್ದ ಎಚ್.ಪಿ. ಲವ್‌ಕ್ರಾಫ್ಟ್ 1937ರಲ್ಲಿ ತೀರಿಕೊಂಡರು. ಅವರ ಕಥೆಗಳು ಪತ್ರಿಕೆಗಳಲ್ಲೇ ಕೊಳೆಯಬಾರದು ಅಂತ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೇ ಪ್ರಕಾಶಕರನ್ನು ಕೇಳಿ ನೋಡಿದರು. ಯಾರೂ ಒಪ್ಪದಿದ್ದಾಗ ವಿಸ್ಕಾನ್ಸಿನ್‌ನ ಸಾಕ್ ಸಿಟಿಯಲ್ಲಿ ತಾವೇ 'ಆರ್ಕಮ್ ಹೌಸ್' ಶುರುಮಾಡಿದರು. 1939ರಲ್ಲಿ ಬಂದ ಅವರ ಮೊದಲ ಪುಸ್ತಕ 'ದಿ ಔಟ್‌ಸೈಡರ್ ಆ್ಯಂಡ್ ಅದರ್ಸ್'. ಅಚ್ಚಾದದ್ದು 1,268 ಪ್ರತಿ, ಬೆಲೆ 5 ಡಾಲರ್. ಅಷ್ಟು ಪ್ರತಿ ಖರ್ಚಾಗಲು ವರ್ಷಗಳೇ ಬೇಕಾದವು. ಇಂದು ಸಂಗ್ರಾಹಕರು ಜೀವ ಬಿಡುವ ಪುಸ್ತಕ ಅದು.

ಇಲ್ಲಿಂದಲೇ ತೊಡಕೂ ಶುರುವಾಯಿತು. ಚಿಕ್ಕ ಪ್ರಕಾಶಕರು ಕಡಿಮೆ ಪ್ರತಿ ತಂದರು, ಅವು ಬೇಗ ಅಪರೂಪವಾದವು. ಆಮೇಲೆ ದೊಡ್ಡವರು ಬಂದು ಅದೇ ಕಥೆಗಳಲ್ಲಿ ಬೇಕಾದ್ದನ್ನು ಆರಿಸಿ, ಬೇರೆ ಹೆಸರಿಟ್ಟು ಹೊಸ ಪುಸ್ತಕ ಮಾಡಿದರು. ರೇ ಬ್ರಾಡ್‌ಬರಿಯ ಮೊದಲ ಪುಸ್ತಕ 'ಡಾರ್ಕ್ ಕಾರ್ನಿವಲ್' ಆರ್ಕಮ್ ಹೌಸ್‌ನಿಂದ 1947ರಲ್ಲಿ ಬಂತು. ಅದರಲ್ಲಿ 27 ಕಥೆ. 1955ರಲ್ಲಿ ಬ್ಯಾಲಂಟೈನ್ ತಂದ 'ದಿ ಅಕ್ಟೋಬರ್ ಕಂಟ್ರಿ'ಯಲ್ಲಿ 19 ಕಥೆ. ಅವುಗಳಲ್ಲಿ 15 ಹಳೆಯ ಪುಸ್ತಕದವೇ. ಅವನ್ನೂ ಬ್ರಾಡ್‌ಬರಿ ಸುಮ್ನೆ ಬಿಡಲಿಲ್ಲ, ಹಲವನ್ನು ತಿದ್ದಿ ಬರೆದರು. ಅಂದರೆ ಹೊಸದನ್ನು ಕೊಂಡವರಿಗೆ ಹಳೆಯದರ 12 ಕಥೆ ಸಿಗಲಿಲ್ಲ, ಸಿಕ್ಕ ಕೆಲವೂ ಮೊದಲಿನ ರೂಪದಲ್ಲಿ ಇರಲಿಲ್ಲ. ಎರಡೂ ಬೇಕು ಅನ್ನುವುದು ಹುಚ್ಚಲ್ಲ. ಲೇಖಕ ಎಂಟು ವರ್ಷದಲ್ಲಿ ಎಷ್ಟು ಬೆಳೆದ ಅನ್ನುವುದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ತಿಳಿಯುತ್ತದೆ.

ಅಟ್ಲಾಂಟಿಕ್ ದಾಟಿದರೆ ಇನ್ನೊಂದು ಕಥೆ. ಬ್ರಾಡ್‌ಬರಿಯದೇ 1950ರ 'ದಿ ಮಾರ್ಷಿಯನ್ ಕ್ರಾನಿಕಲ್ಸ್' ಮರುವರ್ಷ ಬ್ರಿಟನ್ನಿನಲ್ಲಿ 'ದಿ ಸಿಲ್ವರ್ ಲೋಕಸ್ಟ್ಸ್' ಆಯಿತು. ಹೆಸರಷ್ಟೇ ಅಲ್ಲ, ಒಳಗಿನದೂ ಬದಲಾಯಿತು. 'ಅಷರ್ 2' ಕಥೆ ಹೋಗಿ 'ದಿ ಫೈರ್ ಬಲೂನ್ಸ್' ಬಂತು. ಇಂಥದ್ದನ್ನು ಮುಖಪುಟ ಹೇಳುವುದಿಲ್ಲ, ಪರಿವಿಡಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಸದಸ್ಯರಿಗೆ ಅಂಚೆಯಲ್ಲಿ ಅಗ್ಗದ ಆವೃತ್ತಿ ಕಳಿಸುವ ಬುಕ್ ಕ್ಲಬ್‌ಗಳ ಪ್ರತಿಗಳದು ಬೇರೆ ತಲೆನೋವು. ಅಮೆರಿಕದ ಸೈನ್ಸ್ ಫಿಕ್ಷನ್ ಬುಕ್ ಕ್ಲಬ್ 1953ರಲ್ಲಿ ಶುರುವಾಯಿತು. ಅದರ ಪುಸ್ತಕಗಳು ದೂರದಿಂದ ಮೊದಲ ಮುದ್ರಣದಂತೆಯೇ ಕಾಣುತ್ತವೆ. ಕೈಗೆ ತೆಗೆದುಕೊಂಡು ಜಾಕೆಟ್‌ನ, ಅಂದರೆ ಕಾಗದದ ಹೊರಹೊದಿಕೆಯ ಒಳಮಡಿಕೆ ನೋಡಬೇಕು. ಸಾಮಾನ್ಯವಾಗಿ ಅಲ್ಲಿ ಬೆಲೆ ಇರುವುದಿಲ್ಲ. ಬೆಲೆ ಇರಬೇಕಾದ ಮೂಲೆ ಕತ್ತರಿಸಿದ್ದರೆ ಅನುಮಾನ ಪಡಬೇಕು. ಕೆಲವು ಪ್ರತಿಗಳಲ್ಲಿ ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಬೆರಳಿಗೆ ತಾಗುವಂಥ ಸಣ್ಣ ತಗ್ಗು ಇರುತ್ತದೆ. ಓದುವುದಕ್ಕಷ್ಟೇ ಆದರೆ ಕ್ಲಬ್ ಪ್ರತಿಗೆ ಏನೂ ಕೊರತೆ ಇಲ್ಲ, ಅಗ್ಗವೂ ಹೌದು. ಮೊದಲ ಮುದ್ರಣದ ದುಡ್ಡು ಕೊಟ್ಟು ಅದನ್ನು ತರಬಾರದು ಅಷ್ಟೇ.

ಹಾಗಾದರೆ 'ಸಮಗ್ರ ಕಥೆಗಳು' ಕೊಂಡರೆ ಮುಗೀತಲ್ವಾ? ಮುಗಿಯುವುದಿಲ್ಲ. ಫಿಲಿಪ್ ಕೆ. ಡಿಕ್ ಕಥೆಗಳನ್ನು ಅಂಡರ್‌ವುಡ್-ಮಿಲ್ಲರ್ 1987ರಲ್ಲಿ ಐದು ಸಂಪುಟಗಳಲ್ಲಿ ತಂದಿತು. ಎರಡನೆಯದರ ಹೆಸರು 'ಸೆಕೆಂಡ್ ವೆರೈಟಿ'. 'ವಿ ಕ್ಯಾನ್ ರಿಮೆಂಬರ್ ಇಟ್ ಫಾರ್ ಯೂ ಹೋಲ್‌ಸೇಲ್' ಕಥೆಯಿಂದ 1990ರಲ್ಲಿ 'ಟೋಟಲ್ ರೀಕಾಲ್' ಸಿನಿಮಾ ಬಂತು. ಅಮೆರಿಕದ ಸಿಟಡೆಲ್ ಪ್ರಕಾಶನ ಮರುಮುದ್ರಣ ಮಾಡುವಾಗ ಎರಡನೇ ಸಂಪುಟಕ್ಕೆ ಆ ಕಥೆಯನ್ನು ಸೇರಿಸಿ, ಅದರ ಹೆಸರನ್ನೇ ಇಟ್ಟಿತು. 'ಸೆಕೆಂಡ್ ವೆರೈಟಿ' ಮೂರನೆಯದಕ್ಕೆ ಹೋಯಿತು, ಅದರ ಹೆಸರೂ ಅದೇ ಆಯಿತು. ಬ್ರಿಟನ್ನಿನಲ್ಲಿ 'ಹೋಲ್‌ಸೇಲ್' ಹೆಸರು ಐದನೇ ಸಂಪುಟಕ್ಕೆ ಹೋಗಿ ಕೂತಿದೆ. ಅಂದರೆ ಒಂದೇ ಹೆಸರಿನ ಎರಡು ಪುಸ್ತಕಗಳಲ್ಲಿ ಇರುವುದು ಬಹುಮಟ್ಟಿಗೆ ಬೇರೆ ಬೇರೆ ಕಥೆಗಳು. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ಕೊಂಡವರ ಪಾಡು ಏನಾಗಬೇಡ! ಒಂದು ದೇಶದ ಆವೃತ್ತಿ ಹಿಡಿದರೆ ಐದನ್ನೂ ಅದರಲ್ಲೇ ಕೊಳ್ಳುವುದು ಒಳ್ಳೆಯದು.

ಇನ್ನೊಂದು ನಷ್ಟದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಐಸಾಕ್ ಅಸಿಮೋವ್ 1972ರ 'ದಿ ಅರ್ಲಿ ಅಸಿಮೋವ್'ನಲ್ಲಿ ಕಥೆಗಳ ನಡುನಡುವೆ ತಮ್ಮ ಶುರುವಿನ ದಿನಗಳನ್ನು ಬರೆದುಕೊಂಡಿದ್ದಾರೆ. ಯಾವ ಕಥೆ ಎಲ್ಲಿ ತಿರಸ್ಕಾರವಾಯಿತು, ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಏನು ಕಲಿಸಿದರು ಅನ್ನುವುದೆಲ್ಲ ಅಲ್ಲಿದೆ. ಕಥೆಗಳನ್ನು ಬಿಡಿಸಿ ಬೇರೆ ಪುಸ್ತಕಕ್ಕೆ ಹಾಕಿದರೆ ಈ ಮಾತುಗಳು ಹಿಂದೆಯೇ ಉಳಿಯುತ್ತವೆ. ನನ್ನ ಮಟ್ಟಿಗೆ ಹಳೆಯ ಸಂಕಲನ ಇಟ್ಟುಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಸಮಗ್ರ ಆವೃತ್ತಿ ಹೇಗಿರಬೇಕು ಅನ್ನುವುದಕ್ಕೆ ಥಿಯೊಡೋರ್ ಸ್ಟರ್ಜನ್ ಕಥೆಗಳನ್ನು ನೋಡಬೇಕು. ನಾರ್ತ್ ಅಟ್ಲಾಂಟಿಕ್ ಬುಕ್ಸ್ 1994ರಲ್ಲಿ ಶುರುಮಾಡಿ 2010ರಲ್ಲಿ ಮುಗಿಸಿತು, ಒಟ್ಟು 13 ಸಂಪುಟ. ಕಥೆಗಳು ಬರೆದ ಕ್ರಮದಲ್ಲೇ ಇವೆ, ಹಿಂದೆ ಅಚ್ಚಾಗದವೂ ಸೇರಿವೆ. ಸಂಪಾದಕ ಪಾಲ್ ವಿಲಿಯಮ್ಸ್ ಕಥೆಗಳ ಹಿನ್ನೆಲೆಯನ್ನು ಟಿಪ್ಪಣಿಗಳಲ್ಲಿ ಕೊಟ್ಟರು. ಕೊನೆಯ ಸಂಪುಟಗಳನ್ನು ಪೂರೈಸಿದವರು ಸ್ಟರ್ಜನ್ ಮಗಳು ನೊಯೆಲ್. ಇಷ್ಟು ಪ್ರೀತಿಯ ಕೆಲಸ ಎಲ್ಲ ಲೇಖಕರಿಗೂ ಸಿಕ್ಕಿಲ್ಲ.

ಸಿಗದವರ ವಿಷಯದಲ್ಲಿ ದಾರಿ ತೋರಿಸುವುದು ಸೂಚಿಗಳು, ಅಂದರೆ ಯಾವ ಕಥೆ ಎಲ್ಲಿ ಬಂತು ಅನ್ನುವ ಪಟ್ಟಿಗಳು. ಡೊನಾಲ್ಡ್ ಡೇ 1952ರಲ್ಲೇ ಈ ಪತ್ರಿಕೆಗಳ ಸೂಚಿ ತಂದರು, 1926ರಿಂದ 1950ರವರೆಗಿನದು. ವಿಲಿಯಂ ಕಾಂಟೆಂಟೊ 1978ರಲ್ಲಿ ಸಂಕಲನಗಳ ಸೂಚಿ ಮಾಡಿದರು. ಈಗ ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್‌ನಲ್ಲಿ ಕಥೆಯ ಹೆಸರು ಹುಡುಕಿದರೆ ಅದು ಯಾವ್ಯಾವ ಪುಸ್ತಕದಲ್ಲಿ, ಯಾವ್ಯಾವ ಹೆಸರಿನಲ್ಲಿ ಬಂದಿದೆ ಅಂತ ತಿಳಿಯುತ್ತದೆ. ಹಾಗಾಗಿ ಪಟ್ಟಿ ಮಾಡುವುದಾದರೆ ಪುಸ್ತಕಗಳದಲ್ಲ, ಕಥೆಗಳದು ಮಾಡಬೇಕು. ಕಥೆಯ ಹೆಸರು, ಮೊದಲು ಬಂದ ಪತ್ರಿಕೆ, ತಿಂಗಳು, ವರ್ಷ, ಆಮೇಲೆ ಸೇರಿದ ಸಂಕಲನಗಳು. ಯಾವ ಕಥೆಯ ಮುಂದೆ ಸಂಕಲನದ ಹೆಸರೇ ಇಲ್ಲವೋ, ಅದಕ್ಕೆ ಹಳೆಯ ಪತ್ರಿಕೆಯ ಆ ಸಂಚಿಕೆಯನ್ನೇ ಹುಡುಕಬೇಕಾಗುತ್ತದೆ.